ಸಮಿತಿಯ ಮುಂದೆ ಬಂದ ಕಣ್ಣೀರಿನ ಬಗ್ಗೆ

ಕಾರ್ಯಾಲಯ: (ಇಲಾಖೆಯ ಹೆಸರಿನ ಬೋರ್ಡು ಬಣ್ಣ ಹಚ್ಚಲು ಹೋಗಿದೆ. ಬಂದ ಮೇಲೆ ತಿಳಿಸಲಾಗುವುದು.)
ದಾವಣಗೆರೆ, ಮೈಸೂರು ರಾಜ್ಯ

ಸುತ್ತೋಲೆ ಸಂಖ್ಯೆ: ಕಣ್ಣೀ/ಮೆಣ/ಮಂಡ/7/65-66
ದಿನಾಂಕ: 9ನೇ ಆಗಸ್ಟ್ 1965

ವಿಷಯ: ಶಾಸಕರ ಸಮಿತಿಯು ಅಧಿಕಾರಿಗಳನ್ನು ಆಹಾರ ಮತ್ತು ಬೆಲೆ ನೀತಿಯ ಬಗ್ಗೆ ಪ್ರಶ್ನಿಸುತ್ತಿರುವಾಗ ಅಧಿಕಾರಿಗಳು ಮೆಣಸಿನಕಾಯಿ ಕಚ್ಚುವ, ನುಂಗುವ ಹಾಗೂ ಕಣ್ಣೊರೆಸಿಕೊಳ್ಳುವ ಕ್ರಮ.

ಉಲ್ಲೇಖ:
(1) ಹರಿಹರದ ಪ್ರವಾಸಿ ಬಂಗಲೆಯಲ್ಲಿ ನಡೆದ ಮೊದಲನೆಯ ಬೈಠಕ್ಕಿನ ನಡವಳಿ (ಎಣ್ಣೆ ಕಲೆ ಇರುವ ಪ್ರತಿ).
(2) ಸಮಿತಿಯ ಪತ್ರ: ‘ಕಣ್ಣೀರಿನ ಕಾರಣವನ್ನು ಲಿಖಿತವಾಗಿ ದೃಢಪಡಿಸಿ.’
(3) ಈ ಕಚೇರಿಯ ಉತ್ತರ: ‘ಕಾರಣವು ಪರಿಶೀಲನೆಯಲ್ಲಿದೆ.’
(4) ಸಮಿತಿಯ ಅದೇ ಪತ್ರ, ಮತ್ತೆ.
(5) ಈ ಕಚೇರಿಯ ಅದೇ ಉತ್ತರ, ಮತ್ತೆ.

ಪ್ರಸ್ತಾವನೆ

ಧಾನ್ಯದ ಅಭಾವವಿರುವ ಈ ದಿನಗಳಲ್ಲಿ ಭತ್ತವು ನ್ಯಾಯಬೆಲೆ ಅಂಗಡಿಗೆ ಹೋಗದೆ ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳಿಗೆ ಏಕೆ ಹೋಗುತ್ತಿದೆ ಎಂದು ವಿಚಾರಿಸಲು ಶಾಸಕರ ಸಮಿತಿಯೊಂದು ಕಳೆದ ತಿಂಗಳು ಹರಿಹರಕ್ಕೆ ದಯಮಾಡಿಸಿತ್ತು. ಉತ್ತರ ಹೇಳಲು ಈ ಕಚೇರಿಯ ಆಹಾರ ನಿರೀಕ್ಷಕರಾದ ಶ್ರೀ ವಾಮದೇವಪ್ಪನವರನ್ನು ನೇಮಿಸಲಾಗಿತ್ತು. ಅವರ ಬಳಿ ಒಳ್ಳೆಯ ಉತ್ತರವೇ ಇತ್ತು. ಭಟ್ಟಿಗೆ ಹೋಗುವುದು ಅನ್ನಕ್ಕೆ ಬಾರದ ದಪ್ಪ ಭತ್ತ, ಮತ್ತು ಹತ್ತಿ ಗಿರಣಿಯ ಎಷ್ಟೋ ಕೂಲಿಯವರಿಗೆ ಮಧ್ಯಾಹ್ನದ ಊಟವೇ ಮಂಡಕ್ಕಿ, ಎಂಬುದೇ ಆ ಉತ್ತರ. ಇದನ್ನು ಅವರು ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದ್ದರೆಂದು ಅವರ ಶ್ರೀಮತಿ ಗುರುಶಾಂತಮ್ಮನವರು ಲಿಖಿತ ಹೇಳಿಕೆ ಕೊಟ್ಟಿರುತ್ತಾರೆ.

ಆದರೆ ಈ ಸೀಮೆಯಲ್ಲಿ ನಾಲ್ಕು ಜನ ಕೂತರೆ ಸಾಕು, ನಡುವೆ ಮಂಡಕ್ಕಿ ಮತ್ತು ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ ಬಂದು ಕೂರುತ್ತವೆ. ಹೆಣ್ಣು ನೋಡುವ ಶಾಸ್ತ್ರವಿರಲಿ, ಗಿರಣಿಯ ಮುಷ್ಕರವಿರಲಿ, ಅದು ತಪ್ಪುವುದಿಲ್ಲ. ಕಚ್ಚಿದ ಮೆಣಸಿನಕಾಯಿಯನ್ನು ತಟ್ಟೆಗೆ ವಾಪಸು ಇಡುವುದು ಕರಿದವರಿಗೆ ಮಾಡುವ ಅವಮಾನ. ಅಂದು ಕರಿದವರು ಅಂಜಿನವ್ವ. ಅವರು ಜಾಲರಿ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಧ್ಯಕ್ಷರು ಪ್ರಶ್ನೆ ಕೇಳಿದ ಕ್ಷಣದಲ್ಲಿ ವಾಮದೇವಪ್ಪನವರು ಮೆಣಸಿನಕಾಯಿ ಕಚ್ಚಿಬಿಟ್ಟಿದ್ದರು. ಕಾಯಿ ವಿಪರೀತ ಖಾರವಿತ್ತು. ಅವರು ಉಗುಳಲಿಲ್ಲ, ಕೆಳಗಿಡಲಿಲ್ಲ, ಮಾತಾಡಲೂ ಇಲ್ಲ. ಕಣ್ಣಲ್ಲಿ ನೀರು ಇಳಿಯಿತು.

ಅಧ್ಯಕ್ಷರು ಬೇರೆ ಸೀಮೆಯವರು. ಹೊಟ್ಟೆ ಸರಿಯಿಲ್ಲವೆಂದು ಬರೀ ಬಿಸ್ಕತ್ತು ಸೇವಿಸಿದ್ದ ಕಾರಣ ಅವರಿಗೆ ಖಾರದ ಕಲ್ಪನೆ ಬರಲಿಲ್ಲ. ಅವರ ಅಪ್ಪಣೆಯಂತೆ ಶೀಘ್ರಲಿಪಿಕಾರರು ಹೀಗೆ ಬರೆದುಕೊಂಡರು: ‘ಬಡವರ ಅನ್ನವು ಭಟ್ಟಿಯ ಪಾಲಾಗುತ್ತಿರುವುದನ್ನು ನೆನೆದು ಅಧಿಕಾರಿಯು ಮೂಕರಾಗಿ ಕಣ್ಣೀರಿಟ್ಟರು. ಸಮಿತಿಗೆ ಬೇರೆ ಸಾಕ್ಷ್ಯ ಬೇಕೆನಿಸಲಿಲ್ಲ.’

ಇದರ ಮೇಲೆ, ಎರಡನೆಯ ಬೈಠಕ್ಕಿನವರೆಗೆ ಯಾವ ಭಟ್ಟಿಗೂ ಭತ್ತ ಕೊಡಕೂಡದೆಂದು ಬೆಂಗಳೂರಿನಿಂದ ಆದೇಶ ಬಂದಿತು. ಸರ್ಕಾರದ ಕಾಗದವೊಂದು ಇಷ್ಟು ಬೇಗ ಬಂದ ಉದಾಹರಣೆ ಈ ಕಚೇರಿಯ ನೆನಪಿನಲ್ಲಿ ಇಲ್ಲ. ಅದರ ಜೊತೆಗೇ ವಾಮದೇವಪ್ಪನವರ ಕರುಣೆಯನ್ನು ಮೆಚ್ಚಿ ಪ್ರಶಂಸಾ ಪತ್ರವೂ ಬಂದಿತು. ಈಗ ನಿಜ ಹೇಳಿದರೆ, ಕರ್ತವ್ಯದ ವೇಳೆ ತಿಂದರೆಂದು ಅವರ ಬಡ್ತಿ ಹೋಗುತ್ತದೆ. ಹೇಳದಿದ್ದರೆ ಭಟ್ಟಿಗಳು ಹೋಗುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಸಿಬ್ಬಂದಿಯು ಈ ಸಂಬಂಧವಾಗಿ ಕಚೇರಿಯ ಆವರಣದಲ್ಲಿ ಉಚ್ಚರಿಸುತ್ತಿರುವುದು ಗಮನಕ್ಕೆ ಬಂದಿದೆ. ಗಾದೆ ಸರಿಯಾಗಿದೆ. ಉಚ್ಚರಿಸತಕ್ಕದ್ದಲ್ಲ.

ಎರಡನೆಯ ಬೈಠಕ್ಕು ಬರುವ ಗುರುವಾರ ದಾವಣಗೆರೆಯಲ್ಲಿ ನಡೆಯಲಿದೆ. ಆದ್ದರಿಂದ ಸಿಬ್ಬಂದಿಯವರೆಲ್ಲರಿಗೂ ಈ ಕೆಳಕಂಡಂತೆ ವಿಧಿಸಿ, ಓದಿ ಹೇಳಿ, ಅರ್ಥವಾಯಿತೆಂದು ರುಜು ಪಡೆಯಲಾಗಿದೆ.

1. ಸಮಿತಿಯ ಮುಂದೆ ಹೋಗುವ ಅಧಿಕಾರಿಯು ಮೊದಲು ಬಾಯಿ ತೆರೆದು, ಒಳಗೆ ಏನೂ ಇಲ್ಲವೆಂದು ತನ್ನ ಮೇಲಧಿಕಾರಿಗೆ ತೋರಿಸತಕ್ಕದ್ದು. ಮೇಲಧಿಕಾರಿಯ ಬಾಯಿಯನ್ನು ಯಾರೂ ನೋಡತಕ್ಕದ್ದಲ್ಲ. ಅವರು ತಾವೇ ಪರೀಕ್ಷಿಸಿಕೊಳ್ಳತಕ್ಕದ್ದು.

2. ಮೆಣಸಿನಕಾಯಿ ಕೈಯಲ್ಲಿರುವಾಗಲೇ ಪ್ರಶ್ನೆ ಬಂದ ಪಕ್ಷದಲ್ಲಿ:
(ಅ) ಇನ್ನೂ ಕಚ್ಚದೆ ಇದ್ದರೆ, ಕಾಯಿಯನ್ನು ಪಕ್ಕದ ಅಧಿಕಾರಿಗೆ ತಾತ್ಕಾಲಿಕವಾಗಿ ಹಸ್ತಾಂತರಿಸಿ ಉತ್ತರಿಸತಕ್ಕದ್ದು. ಪಕ್ಕದವರು ಅದನ್ನು ತಿನ್ನತಕ್ಕದ್ದಲ್ಲ.
(ಆ) ತುದಿ ಮಾತ್ರ ಕಚ್ಚಿದ್ದರೆ, ಪ್ರಶ್ನೆಯನ್ನು ಲಿಖಿತ ರೂಪದಲ್ಲಿ ಕೊಡುವಂತೆ ಕೈಸನ್ನೆಯಿಂದ ಕೋರತಕ್ಕದ್ದು.
(ಇ) ತೊಟ್ಟಿನವರೆಗೂ ಹೋಗಿದ್ದರೆ, ಆ ಅಧಿಕಾರಿಯು ಆ ಪ್ರಶ್ನೆಯ ಮಟ್ಟಿಗೆ ರಜೆಯ ಮೇಲಿರುವರೆಂದು ಭಾವಿಸತಕ್ಕದ್ದು. ಕುರ್ಚಿಯಲ್ಲಿ ಕೂತಿರುವುದು ರಜೆಗೆ ಅಡ್ಡಿಯಾಗುವುದಿಲ್ಲ.

3. ಖಾರ ತಾಳಲಾರದೆ ತಲೆ ಅಲ್ಲಾಡಿಸುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ. ಹರಿಹರದಲ್ಲಿ ವಾಮದೇವಪ್ಪನವರು ಹಾಗೆ ಅಲ್ಲಾಡಿಸಿದ್ದನ್ನು, ಬೆಲ್ಲದ ಬೆಲೆ ಇಳಿಸಲು ಇಲಾಖೆ ಖಡಾಖಂಡಿತವಾಗಿ ನಿರಾಕರಿಸಿತು ಎಂದು ಬರೆದುಕೊಳ್ಳಲಾಗಿದೆ. ಅವರು ನೀರು ಕೇಳಲು ಎತ್ತಿದ ಕೈಯನ್ನು ಭದ್ರಾ ನಾಲೆಯ ಬೇಡಿಕೆ ಎಂಬ ತಲೆಬರಹದಡಿ ನಮೂದಿಸಲಾಗಿದೆ.

4. ಕಣ್ಣಲ್ಲಿ ನೀರು ಬಂದೇಬಿಟ್ಟಲ್ಲಿ, ಗೆಜೆಟೆಡ್ ಅಧಿಕಾರಿಗಳು ಎರಡೂ ಕಣ್ಣು ಒರೆಸಿಕೊಳ್ಳಬಹುದು. ಗುಮಾಸ್ತರು ಒಂದು ಕಣ್ಣು. ಜವಾನರು ಅಂಗಿಯ ತೋಳನ್ನು ಬಳಸಬಹುದಾಗಿದ್ದು, ತೋಳು ಅವರ ಸ್ವಂತದ್ದಾಗಿರತಕ್ಕದ್ದು. ಪ್ರಭಾರದಲ್ಲಿರುವ ಅಧಿಕಾರಿಗಳ ಎರಡನೆಯ ಕಣ್ಣಿನ ವಿಷಯವಾಗಿ ಸ್ಪಷ್ಟೀಕರಣ ಕೇಳಲಾಗಿದೆ.

5. ನೀತಿ ಸಂಬಂಧದ ಪ್ರಶ್ನೆಗಳಿಗೆ ಅನುಮೋದಿತ ಉತ್ತರಗಳನ್ನೇ ಕೊಡತಕ್ಕದ್ದು. ಸಕ್ಕರೆ ಏಕೆ ಸಿಗುತ್ತಿಲ್ಲವೆಂದರೆ: ‘ಬಿಡುಗಡೆಯಾಗಿದೆ, ಬಂದಿಲ್ಲ.’ ಸೀಮೆಎಣ್ಣೆ ಏಕೆ ಸಿಗುತ್ತಿಲ್ಲವೆಂದರೆ: ‘ಬಂದಿದೆ, ಬಿಡುಗಡೆಯಾಗಿಲ್ಲ.’ ಈ ಎರಡನ್ನು ಅದಲುಬದಲು ಮಾಡಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು. ಅದಲುಬದಲಾದರೂ ಉತ್ತರ ಸರಿಯಾಗಿಯೇ ಇರುತ್ತದೆ ಎಂಬ ಸಮಜಾಯಿಷಿಯನ್ನು ಒಪ್ಪಲಾಗುವುದಿಲ್ಲ.

ಕಚೇರಿಯಲ್ಲಿ ಏರ್ಪಡಿಸಿದ ತಾಲೀಮಿನಲ್ಲಿ, ಬೆಲೆ ಏಕೆ ಏರಿದೆ ಎಂಬ ಪ್ರಶ್ನೆಗೆ ಒಬ್ಬರು ‘ಇಳದಿಲ್ಲ, ಅದಕ್ರಿ’ ಎಂದೂ, ಇನ್ನೊಬ್ಬರು ‘ನನಗೇನ್ ಗೊತ್ತೈತ್ರಿ, ಮ್ಯಾಲಿನೋರು ಹೇಳಿದಂಗೆ ಮಾಡೀನಿ’ ಎಂದೂ ಉತ್ತರಿಸಿದರು. ಇವೆರಡೂ ನಿಜವಾಗಿರುವುದರಿಂದ ಸಮಿತಿಯ ಮುಂದೆ ಹೇಳತಕ್ಕದ್ದಲ್ಲ.

6. ಕಣ್ಣೀರಿಗೂ ಆಹಾರ ನೀತಿಗೂ ಸಂಬಂಧವಿಲ್ಲವೆಂದು, ಯಾರ ಬಡ್ತಿಗೂ ಧಕ್ಕೆಯಾಗದಂತೆ, ಪ್ರಯೋಗದ ಮೂಲಕ ಸಾಬೀತುಪಡಿಸಲು ತೀರ್ಮಾನಿಸಲಾಗಿದೆ. ಅಂದು ಮಾನ್ಯ ಸದಸ್ಯರೆಲ್ಲರಿಗೂ, ಅಧ್ಯಕ್ಷರೂ ಸೇರಿದಂತೆ, ಅಂಜಿನವ್ವ ಕರಿದ ಮೆಣಸಿನಕಾಯಿ ಕೊಡತಕ್ಕದ್ದು. ಕಚ್ಚಿದ ತಕ್ಷಣ ಅವರಿಗೆ ದುಃಖಕ್ಕೆ ಎಡೆಯಿಲ್ಲದ ಪ್ರಶ್ನೆಯೊಂದನ್ನು, ಉದಾಹರಣೆಗೆ ‘ಇವತ್ತು ಯಾವ ವಾರ?’ ಎಂಬುದನ್ನು, ವಿನಯದಿಂದ ಕೇಳತಕ್ಕದ್ದು. ಆಗ ಅವರ ಕಣ್ಣಲ್ಲಿ ನೀರು ಬಂದರೆ ‘ಗುರುವಾರವನ್ನು ನೆನೆದು ಸದಸ್ಯರು ಕಣ್ಣೀರಿಟ್ಟರು’ ಎಂದು ನಡವಳಿಯಲ್ಲಿ ಬರೆಸತಕ್ಕದ್ದು.

ಖಾರದ ಕಾಯಿಗಳನ್ನೇ ಆರಿಸಿ ಕರಿಯುವಂತೆ ಅಂಜಿನವ್ವನವರಿಗೆ ಸೂಚಿಸಲಾಗಿ, ಅವರು ‘ಖಾರ ಯಾವ ಕಾಯಾಗೈತೆ ಅಂತ ನನಗೂ ಗೊತ್ತಿಲ್ಲ, ಕಾಯಿಗೂ ಗೊತ್ತಿಲ್ರಿ. ಕಚ್ಚಿದಾತಗೆ ಗೊತ್ತಾಗೋದು’ ಎಂದು ತಿಳಿಸಿರುತ್ತಾರೆ. ಆದ್ದರಿಂದ ಖಾರದ ಕಾಯಿ ಅಧ್ಯಕ್ಷರಿಗೇ ಸಿಗಲೆಂದು ಸಿಬ್ಬಂದಿಯು ತಮ್ಮ ತಮ್ಮ ಮನೆದೇವರಲ್ಲಿ, ಕಚೇರಿ ವೇಳೆಯ ಹೊರಗೆ, ಪ್ರಾರ್ಥಿಸಬಹುದಾಗಿದೆ.

7. ಈ ಪ್ರಯೋಗಕ್ಕೆ ಒಂದು ಅಡಚಣೆ ಉದ್ಭವಿಸಿದೆ. ಮೆಣಸಿನಕಾಯಿಯನ್ನು ಮಂಡಕ್ಕಿಯಿಲ್ಲದೆ ಬಡಿಸಲು ಅಂಜಿನವ್ವ ಸುತರಾಂ ಒಪ್ಪುತ್ತಿಲ್ಲ. ‘ಮಂಡಕ್ಕಿ ಇಲ್ದಂಗೆ ಬರೀ ಮೆಣಸಿನಕಾಯಿ ಇಟ್ರೆ ಕೂತೋರ್ನ ಎದ್ದು ಹೋಗ್ರಿ ಅಂದಂಗೆ. ನಾನು ಬಾಣಲೆ ಇಡಲ್ರಿ’ ಎಂಬುದು ಅವರ ಅಂತಿಮ ನಿಲುವು. ಭಟ್ಟಿಗಳು ಆರಿರುವ ಕಾರಣ ಊರಿನಲ್ಲಿ ಮಂಡಕ್ಕಿ ಇಲ್ಲ. ಕಚೇರಿಯ ಮೇಜುಗಳ ಖಾನೆಗಳನ್ನು ತಪಾಸಣೆ ಮಾಡಲಾಗಿ ಎಲ್ಲ ಖಾನೆಗಳಲ್ಲೂ ಮಂಡಕ್ಕಿ ಸಿಕ್ಕಿತಾದರೂ ಅದು ಮೆತ್ತಗಾಗಿತ್ತು. ನೆರೆಯ ಹಳ್ಳಿಗಳಾದ ಆನಗೋಡು ಮತ್ತು ಸಾರಥಿಯಿಂದ ತರಿಸಲು ಬರೆಯಲಾಗಿ, ತಮಗೆ ಮಂಡಕ್ಕಿ ದಾವಣಗೆರೆಯಿಂದಲೇ ಬರಬೇಕೆಂದೂ, ಯಾಕೆ ಬರುತ್ತಿಲ್ಲವೆಂದೂ ಅಲ್ಲಿಯವರೇ ತಿರುಗಿ ಕೇಳಿದ್ದಾರೆ. ಅವರಿಗೆ ಖಂಡ 5ರ ಪ್ರಕಾರ ಉತ್ತರಿಸಲಾಗಿದೆ.

8. ಆದಕಾರಣ, ಸಮಿತಿಯ ಉಪಾಹಾರಕ್ಕೆಂದು ಒಂದೇ ಒಂದು ಚೀಲ ಭತ್ತವನ್ನು ಭಟ್ಟಿಯೊಂದರ ಮಾಲೀಕರಾದ ಜೈನಾಬಿಯವರಿಗೆ ಮಂಜೂರು ಮಾಡಲಾಯಿತು. ಇವರು ಭಟ್ಟಿ ಆರಿದಂದಿನಿಂದ ದಿನವೂ ಬಂದು ಕಚೇರಿಯ ಜಗಲಿಯ ಮೇಲೆ ಕೂರುವವರು. ಕೂರಲು ಹೇಳಿದವರಿಲ್ಲ, ಏಳು ಎನ್ನುವ ಧೈರ್ಯವೂ ಯಾರಿಗೂ ಬಂದಿಲ್ಲ. ಅವರು ಮಂಜೂರಾತಿಯನ್ನು ನಿರಾಕರಿಸಿರುತ್ತಾರೆ. ಅವರ ಹೇಳಿಕೆ:

‘ಒಂದು ಚೀಲಕ್ಕೆ ಒಂದು ಭಟ್ಟಿ ಹತ್ತಲ್ರಿ ಸಾಹೇಬ್ರೆ. ಭತ್ತ ನೆನೆಯೋದು ಬಡೇಸಾಬ್ ತೊಟ್ಟ್ಯಾಗೆ, ಕುದಿಯೋದು ನಮ್ಮ ಕೊಪ್ಪರಿಗ್ಯಾಗೆ, ಒಣಗೋದು ಹಜೀರಾಬೀ ಅಂಗಳದಾಗೆ, ಅರಳೋದು ಕೊನೀ ಮನೆ ಕಾದ ಉಸುಕಿನಾಗೆ. ಓಣಿ ಅಂದ್ರೆ ಒಂದೇ ಒಲೆ ಇದ್ದಂಗೆ. ಹಚ್ಚಿದ್ರೆ ಎಲ್ಲಾ ಹಚ್ಚಬೇಕು. ಇಲ್ಲಾಂದ್ರೆ ನಿಮ್ಮ ಚೀಲ ಬ್ಯಾಡ.’

ಒಂದೇ ಭಟ್ಟಿಯ ಕಾಲು ಭಾಗವನ್ನು ಹಚ್ಚುವ ಸಾಧ್ಯತೆಯನ್ನು ಈ ಕಚೇರಿಯ ಗುಮಾಸ್ತರು ಅವರಿಗೆ ಸೂಚಿಸಿದರು. ಜೈನಾಬಿಯವರು ಆ ಗುಮಾಸ್ತರನ್ನು ಬಹಳ ಹೊತ್ತು ನೋಡಿದರು. ಗುಮಾಸ್ತರು ಅಂದಿನಿಂದ ಹಿಂಬಾಗಿಲಿನಿಂದ ಓಡಾಡುತ್ತಿದ್ದಾರೆ.

9. ಅದೇ ಸಂದರ್ಭದಲ್ಲಿ ಕೆಳಗೆ ರುಜು ಹಾಕಿರುವವರು, ಸಮಿತಿಯ ಮುಂದೆ ಕಣ್ಣೀರು ಬಂದದ್ದರಿಂದ ಇಷ್ಟೆಲ್ಲ ಆಯಿತು, ಸಹಕರಿಸಬೇಕು ಎಂದು ಜೈನಾಬಿಯವರಿಗೆ ವಿವರಿಸಿದರು. ಅದಕ್ಕೆ ಅವರು ಹೇಳಿದ್ದನ್ನು ಇದ್ದ ಹಾಗೇ ಇಲ್ಲಿ ದಾಖಲಿಸಲಾಗಿದೆ:

‘ಹುಟ್ಟಿದಾಗಿಂದ ಆ ಹೊಗ್ಯಾಗೆ ನನ್ನ ಕಣ್ಣಾಗೆ ದಿನಾ ನೀರು ಬರ್ತಾವ್ರಿ. ನಮ್ಮವ್ವಗೂ ಬರ್ತಿದ್ವು. ಒಬ್ರೂ ಬರಕೊಂಡಿಲ್ಲ. ನಿಮ್ಮ ಸಾಹೇಬ್ರಿಗೆ ಒಂದಿನ ಬಂದಿದ್ದಕ್ಕೆ ಇಡೀ ಓಣಿ ಒಲೆ ಆರಿಸಿದ್ರಲ್ಲ, ಇದು ಹೆಂಗೆ?’

ಈ ಪ್ರಶ್ನೆಗೆ ಅನುಮೋದಿತ ಉತ್ತರ ಕಚೇರಿಯಲ್ಲಿ ಇಲ್ಲ. ಶಾಸಕರು ಕೇಳಿದ ಪ್ರಶ್ನೆಗಳಲ್ಲಿ ಯಾವುದೂ ಇಷ್ಟು ಕಷ್ಟದ್ದಾಗಿರಲಿಲ್ಲ. ಕೆಳಗೆ ರುಜು ಹಾಕಿರುವವರಿಗೆ ನಾಚಿಕೆಯಾಯಿತೆಂದು ಈ ಮೂಲಕ ಪ್ರಕಟಿಸಲಾಗಿದೆ. ಸಂಜೆ ಭಟ್ಟಿಯ ಕಡೆಯಿಂದ ಬಿಸಿ ಉಸುಕಿನ ವಾಸನೆ ಬರದ ಊರು ತಮ್ಮ ಊರೆಂದು ಅವರಿಗೆ ಅನ್ನಿಸುತ್ತಿಲ್ಲ ಎಂಬುದನ್ನೂ ಇದರೊಂದಿಗೆ ಓದಿಕೊಳ್ಳತಕ್ಕದ್ದು. ಇದು ಇಲಾಖೆಯ ಅಭಿಪ್ರಾಯವಲ್ಲ.

ಆ ಸಮಯದಲ್ಲಿ ತಮ್ಮ ಬಾಯಲ್ಲಿ ಮೆಣಸಿನಕಾಯಿ ಇರಲಿಲ್ಲವೆಂದು ಅವರು ಖಂಡ 1ರ ಪ್ರಕಾರ ತಾವೇ ಪರೀಕ್ಷಿಸಿಕೊಂಡಿರುತ್ತಾರೆ. ಖಂಡ 4ರ ಸ್ಪಷ್ಟೀಕರಣ ಇನ್ನೂ ಬಾರದ ಕಾರಣ ಒಂದು ಕಣ್ಣನ್ನು ಮಾತ್ರ ಒರೆಸಿಕೊಂಡಿರುತ್ತಾರೆ.

10. ಮೇಲ್ಕಂಡ ಎಲ್ಲವನ್ನೂ ಪರ್ಯಾಲೋಚಿಸಿ ಈ ಕೆಳಗಿನಂತೆ ಆಜ್ಞೆ ಮಾಡಲಾಗಿದೆ.

ಭಟ್ಟಿಗಳಿಗೆ ಭತ್ತ ಕೊಡಕೂಡದೆಂಬ ಸರ್ಕಾರದ ಆದೇಶವು ಸಂಪೂರ್ಣವಾಗಿ ಜಾರಿಯಲ್ಲಿರುತ್ತದೆ. ಓಣಿಯ ಎಲ್ಲ ಭಟ್ಟಿಗಳಿಗೂ ಇಂದಿನಿಂದ ಕೊಡಲಾಗುವ ಭತ್ತವನ್ನು ಸಮಿತಿಯ ಉಪಾಹಾರಕ್ಕೆ ಕೊಟ್ಟ ಭತ್ತವೆಂದು ಭಾವಿಸತಕ್ಕದ್ದು. ಮಾನ್ಯ ಸದಸ್ಯರು ಎಷ್ಟು ತಿನ್ನುವರೆಂದು ಮುಂಚಿತವಾಗಿ ಹೇಳಲು ಬಾರದಿರುವುದರಿಂದ ಎಂದಿನಷ್ಟೇ ಹುರಿಯತಕ್ಕದ್ದು. ಮಂಡಕ್ಕಿ ಬೇಗ ಮೆತ್ತಗಾಗುವ ಪದಾರ್ಥವಾದ್ದರಿಂದ ದಿನವೂ ಹೊಸದಾಗಿ ಹುರಿಯತಕ್ಕದ್ದು. ಸದಸ್ಯರು ಅಂದಂದು ತಿನ್ನದೆ ಉಳಿದದ್ದನ್ನು ಊರಿನವರು, ಗಿರಣಿಯ ಕೂಲಿಯವರು, ಆನಗೋಡು ಮತ್ತು ಸಾರಥಿಯವರು ಸಮಿತಿಯ ಪರವಾಗಿ ತಿನ್ನಬಹುದಾಗಿದೆ.

ಸಿದ್ಧತೆ ಸಾಲದೆಂಬ ಕಾರಣದಿಂದ ಬೈಠಕ್ಕನ್ನು ಮುಂದೂಡುವಂತೆ ಕೋರಿ ಪತ್ರ ಬರೆಯಲಾಗಿದೆ. ಮುಂದೂಡಿದಷ್ಟು ದಿನವೂ ಉಪಾಹಾರ ಸಿದ್ಧವಿರತಕ್ಕದ್ದು. ಕಾಗದಗಳನ್ನು ನಿಧಾನ ಮಾಡುವುದರಲ್ಲಿ ಈ ಕಚೇರಿಗಿರುವ ಅನುಭವವನ್ನು ಸಿಬ್ಬಂದಿಯು ಮೊಟ್ಟಮೊದಲ ಬಾರಿಗೆ ಒಂದು ಒಳ್ಳೆಯ ಕೆಲಸಕ್ಕೆ ವಿನಿಯೋಗಿಸುವರೆಂದು ನಂಬಲಾಗಿದೆ.

(ರುಜು)
ಬಿ. ಬಕ್ಕೇಶಪ್ಪ
ಪ್ರಭಾರ ಅಧಿಕಾರಿ
(ಯಾವ ಇಲಾಖೆಗೆ ಎಂಬುದು ಬೋರ್ಡು ಬಂದ ಮೇಲೆ)

ಪ್ರತಿಗಳು:

ಶ್ರೀ ವಾಮದೇವಪ್ಪ, ಆಹಾರ ನಿರೀಕ್ಷಕರು: ಮಾಹಿತಿಗಾಗಿ. ಪ್ರಶಂಸಾ ಪತ್ರಕ್ಕೆ ಚೌಕಟ್ಟು ಹಾಕಿಸುವುದನ್ನು ಸದ್ಯಕ್ಕೆ ನಿಲ್ಲಿಸುವಂತೆ ಸೂಚಿಸಿ.

ಶ್ರೀಮತಿ ಗುರುಶಾಂತಮ್ಮ: ಬಚ್ಚಲುಮನೆಯ ಅಭ್ಯಾಸವನ್ನು ಪುನರಾರಂಭಿಸಲು, ಈ ಬಾರಿ ಬಾಯಲ್ಲಿ ಮೆಣಸಿನಕಾಯಿ ಇಟ್ಟು.

ಅಂಜಿನವ್ವ: ಬಾಣಲೆ ಇಡಲು.

ಮಾನ್ಯ ಅಧ್ಯಕ್ಷರು: ಸೌಜನ್ಯಕ್ಕಾಗಿ. (ಖಂಡ 6 ಮತ್ತು 10 ಇರುವ ಹಾಳೆಗಳು ಅಂಚೆಯಲ್ಲಿ ಕಳೆದುಹೋಗತಕ್ಕದ್ದು.)

ಸಮಿತಿಯ ಶೀಘ್ರಲಿಪಿಕಾರರು: ಕಂಡವರ ಕಣ್ಣೀರನ್ನೆಲ್ಲ ಬರೆದುಕೊಳ್ಳುವುದಾದರೆ ಭಟ್ಟಿ ಓಣಿಯಿಂದ ಪ್ರಾರಂಭಿಸಬೇಕೆಂದು ಕೋರಿ.

ಜೈನಾಬಿ: ಜಗಲಿಯಿಂದ ಏಳಲು. ಈ ಪ್ರತಿಯನ್ನು ಮಂಡಕ್ಕಿ ಪೊಟ್ಟಣ ಕಟ್ಟಲು ಬಳಸತಕ್ಕದ್ದಲ್ಲ.

ಕಚೇರಿ ಪ್ರತಿ: ಕಡತಕ್ಕೆ.

ಷರಾ (ಮಾರನೆಯ ವಾರ, ಕಡತದ ಗುಮಾಸ್ತರಿಂದ): ಕಚೇರಿ ಪ್ರತಿ ಕಡತದಲ್ಲಿ ಇಲ್ಲ. ವಿಚಾರಿಸಲಾಗಿ, ನಿನ್ನೆ ಸಂಜೆ ಪ್ರಭಾರ ಅಧಿಕಾರಿಗಳೇ ಅದನ್ನು ಕೈಯಲ್ಲಿ ಹಿಡಿದು ಭಟ್ಟಿ ಓಣಿಯಿಂದ ನಡೆದು ಬರುತ್ತಿದ್ದುದನ್ನು ಕಂಡವರಿದ್ದಾರೆ. ಪ್ರತಿಯು ಪೊಟ್ಟಣದ ಆಕಾರದಲ್ಲಿತ್ತು, ಮತ್ತು ಬೆಚ್ಚಗಿತ್ತು.