ಕ್ಲಚ್ ಬಿಗಿ ಮಾಡಿದ್ದು ಯಾರು?

ಇಪ್ಪತ್ತು ವರ್ಷ ದನಗಳ ಹೊಟ್ಟೆಯೊಳಗೆ ಕೈ ಹಾಕಿ, ಕಣ್ಣಿಗೆ ಕಾಣದ ಕರುವಿನ ಕಾಲು ಹುಡುಕಿದವನಿಗೆ ಕಣ್ಣೆದುರಿಗೇ ಇರುವ ಒಂದು ನಟ್ಟು ಯಾವ ಲೆಕ್ಕ ಎಂದು ನಾನು ನಂಬಿದ್ದೆ. ನಾನು ಹೊಸನಗರದ ಕಡೆಯ ಪಶುವೈದ್ಯ. ನನ್ನ ಬೈಕಿಗೂ ನನ್ನ ನೌಕರಿಗೂ ಒಂದೇ ವಯಸ್ಸು. ಹೋದ ಬೇಸಿಗೆಯಲ್ಲಿ ಗೇರು ಹಾಕಿದಾಗಲೆಲ್ಲ ಅದು ಕಟಕಟ ಎನ್ನತೊಡಗಿತು. ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಕೇಬಲ್ ಸಡಿಲವಾಗಿದೆ ಎಂದು ನಾನೇ ರೋಗ ಪತ್ತೆ ಮಾಡಿದೆ. ಅದೇನೋ ಸರಿಯಾಗಿಯೇ ಇತ್ತು, ಕೆಟ್ಟದ್ದು ಚಿಕಿತ್ಸೆ. ಭಾನುವಾರ ಅಂಗಳದಲ್ಲಿ ಕೂತು, ಕೇಬಲ್ಲಿನ ನಟ್ಟನ್ನು ಇನ್ನು ತಿರುಗುವುದಿಲ್ಲ ಎನ್ನುವವರೆಗೆ ಬಿಗಿದೆ. ಗೇರು ಬೆಣ್ಣೆಯ ಹಾಗೆ ಬಿತ್ತು. "ಇಷ್ಟಕ್ಕೆಲ್ಲ ಗ್ಯಾರೇಜಿಗೆ ಹೋಗೋರು ಸೋಮಾರಿಗಳು" ಎಂದು ಹೆಂಡತಿಗೆ ಹೇಳಿದೆ. ಅವಳು ಬೈಕಿನ ಪಕ್ಕ ಒಣಹಾಕಿದ್ದ ಸೀರೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹುಲಿಕಲ್ ಹತ್ತಿರದಿಂದ ಗಿರಿಜಮ್ಮನವರ ಫೋನು ಬಂತು. ಗಂಡ ತೀರಿಕೊಂಡ ಮೇಲೆ ಗದ್ದೆ, ಟಿಲ್ಲರು, ನಾಲ್ಕು ದನ ಎಲ್ಲವನ್ನೂ ಒಬ್ಬರೇ ನಿಭಾಯಿಸುವ ಹೆಂಗಸು. "ಡಾಕ್ಟ್ರೆ, ಹಸು ಆಗಿಂದ ತಿಣುಕ್ತಾ ಇದೆ. ಕರುವಿನ ಒಂದೇ ಕಾಲು ಕಾಣ್ತಿದೆ. ಬೇಗ ಬನ್ನಿ." ಒಂದೇ ಕಾಲು ಎಂದರೆ ಇನ್ನೊಂದು ಒಳಗೆ ಮಡಚಿಕೊಂಡಿದೆ ಎಂದರ್ಥ, ತಡವಾದರೆ ಕರುವೂ ಇಲ್ಲ, ಹಸುವೂ ಇಲ್ಲ. ಕೂಡಲೇ ಹೊರಟೆ. ಸಪಾಟು ರಸ್ತೆಯಲ್ಲಿ ಬೈಕು ಹೇಗೋ ಓಡಿತು. ಅವರ ಮನೆಯ ಏರು ಶುರುವಾಗುತ್ತಲೇ ಇಂಜಿನ್ನು ಬೊಬ್ಬೆ ಹೊಡೆಯಿತು, ಚಕ್ರ ಮಾತ್ರ ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ನಿಂತುಬಿಟ್ಟಿತು. ಸುಟ್ಟ ವಾಸನೆ ಬೇರೆ. ಫೋನು ಮಾಡಿದೆ. ಗಿರಿಜಮ್ಮ ಓಡಿ ಬಂದು, ಕ್ಲಚ್ ಲಿವರನ್ನು ಒಂದು ಬೆರಳಲ್ಲಿ ಒತ್ತಿ ನೋಡಿದರು.

"ಚೂರೂ ಪ್ಲೇ ಬಿಟ್ಟಿಲ್ಲವಲ್ಲ ಡಾಕ್ಟ್ರೆ, ಲಿವರಿಗೆ ಒಂದಿಷ್ಟು ಸಡಿಲ ಬೇಡ್ವಾ? ಯಾವಾಗ್ಲೂ ಕ್ಲಚ್ ಹಿಡ್ಕೊಂಡೇ ಓಡ್ಸಿದ ಹಾಗಾಯ್ತು. ಒಳಗೆ ಪ್ಲೇಟು ಜಾರದೆ ಇನ್ನೇನು ಮಾಡುತ್ತೆ? ಯಾರು ಬಿಗಿ ಮಾಡಿದ್ದು?"

"ಒಬ್ಬ ಮೆಕ್ಯಾನಿಕ್ಕು" ಎಂದೆ.

"ಅವನ ಹತ್ರ ಇನ್ನು ಹೋಗ್ಬೇಡಿ. ನೀವು ನಡೀತಿರಿ, ಹಸು ಕಾಯಲ್ಲ. ಇದು ಸ್ವಲ್ಪ ಆರಲಿ, ನಟ್ಟು ಸಡಿಲ ಮಾಡಿ ನಾನು ತರ್ತೀನಿ."

ಬ್ಯಾಗು ಹಿಡಿದು ಏರು ಹತ್ತಿದೆ. ಅರ್ಧ ದಾರಿಗೆ ಏದುಸಿರು ಬಂದು ನಿಂತಿದ್ದಾಗ, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡ ಗಿರಿಜಮ್ಮ ನನ್ನದೇ ಬೈಕಿನಲ್ಲಿ ಪಕ್ಕಕ್ಕೆ ಬಂದು, "ಹತ್ತಿ" ಎಂದರು. ಹಿಂದೆ ಕೂತೆ. ಬೈಕು ತಕರಾರಿಲ್ಲದೆ ಹತ್ತಿತು.

ಕೊಟ್ಟಿಗೆಯಲ್ಲಿ ಮಾತ್ರ ನನಗೆ ಏನು ಮಾಡಬೇಕೆಂದು ಗೊತ್ತಿತ್ತು. ಕೈ ತೊಳೆದು, ಕರುವನ್ನು ಮೆಲ್ಲಗೆ ಒಳಕ್ಕೆ ದೂಡಿ, ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಮಾಡಿದೆ. ಹಸು ಇನ್ನೆರಡು ಸಲ ತಿಣುಕಿತು, ಕರು ಬಂತು. ಉಸಿರಿರಲಿಲ್ಲ. ಇಬ್ಬರೂ ಗೋಣಿಚೀಲದಿಂದ ಅದರ ಮೈ ಉಜ್ಜಿದೆವು. ಕೊನೆಗೆ ಅದು ಒಂದು ಸಲ ಸೀನಿತು. ಗಿರಿಜಮ್ಮ ಮುಖ ಆಚೆ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕಾಫಿ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. "ಕ್ಲಚ್ ಬಿಗಿ ಮಾಡಿದ್ದು ನಾನೇ" ಎಂದೆ.

"ಗೊತ್ತಾಯ್ತು" ಎಂದರು ಅವರು ತಣ್ಣಗೆ. "ಮೆಕ್ಯಾನಿಕ್ ಮಾಡಿದ್ದಾಗಿದ್ರೆ ನೀವು ಅವನಿಗೆ ಬೈದಿರ್ತಿದ್ರಿ. ಅವನ ಮೇಲೆ ಒಂದು ಕೆಟ್ಟ ಮಾತೂ ಆಡದೆ ನಿಂತಿದ್ರಲ್ಲ."

ನಾನು ಪಾಠ ಕಲಿಯದವನೇನಲ್ಲ. ಈಗಲೂ ಬೈಕಿನ ರಿಪೇರಿಯೆಲ್ಲ ನನ್ನದೇ. ಎಲ್ಲಾದರೂ ಕೈಕೊಟ್ಟರೆ, ಜನ ಬಂದು ಕೇಳುವ ಮೊದಲೇ ಮೆಕ್ಯಾನಿಕ್ಕಿಗೆ ಜೋರಾಗಿ ಬೈಯಲು ಶುರುಮಾಡುತ್ತೇನೆ.