ಕಾಕಾನ ಕ್ಯಾಸೆಟ್ಟಿನ ಎರಡನೇ ಮಗ್ಗುಲು

ನಮ್ಮ ಕಾಕಾನಷ್ಟು ಜಾಝ್ ಸಂಗೀತದ ಪ್ರಚಾರ ಮಾಡಿದವರು ಇಡೀ ಮುಂಬಯಿಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅಂಥವರಿಗೆ ಆ ಸಂಗೀತದ ಒಂದೇ ಒಂದು ಸ್ವರವೂ ಹಿಡಿಸುತ್ತಿರಲಿಲ್ಲ ಎಂದರೆ ನೀವು ನಂಬಬೇಕು! ಹಿಡಿಸುವ ಮಾತು ಹಾಗಿರಲಿ, ಸಂಗೀತವೆಂಬ ಪದಾರ್ಥವೇ ಅವರ ಕಿವಿಯೊಳಗೆ ಇಳಿಯುತ್ತಿರಲಿಲ್ಲ. ರಾಷ್ಟ್ರಗೀತೆಯನ್ನು ಕೂಡ ಅಕ್ಕಪಕ್ಕದವರು ಎದ್ದು ನಿಂತದ್ದನ್ನು ನೋಡಿಯೇ ಗುರುತಿಸುವ ಪೈಕಿ. ಇದು ನನ್ನ ಚಾಡಿಯಲ್ಲ, ಅವರೇ ಒಪ್ಪಿಕೊಂಡದ್ದು.

ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಧಾರವಾಡದಿಂದ ಮುಂಬಯಿಗೆ ಬಂದದ್ದು ಅಂಧೇರಿಯ ಒಂದು ಆಫೀಸಿನ ಕೆಲಸಕ್ಕೆ. ಆದರೆ ಮನೆಯವರು ನನ್ನನ್ನು ಕಳಿಸಿದ್ದು ಕಾಕಾನ, ಅಂದರೆ ನನ್ನ ಚಿಕ್ಕಪ್ಪನ, ಸಲುವಾಗಿ. ಫೋರ್ಟಿನ ಬ್ಯಾಂಕೊಂದರಲ್ಲಿ ಅವರು ಗುಮಾಸ್ತರು. ವಿಲೆ ಪಾರ್ಲೆಯ ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬರೇ ಉಳಿದಿದ್ದರು. ಹಿಂದಿನ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಅವರ ಹೆಂಡತಿ, ನಮ್ಮ ಕಾಕು, ಹೋಗಿಬಿಟ್ಟಿದ್ದಳು. ಮಕ್ಕಳಿರಲಿಲ್ಲ. ನಾನು ಬಂದಮೇಲೆ ಆ ಮನೆಯಲ್ಲಿ ಅನ್ನ ಸೀಯಿಸುವವರು ಇಬ್ಬರಾದೆವು, ಅಷ್ಟೇ.

ಕಾಕು ಹುಡುಗಿಯಾಗಿದ್ದಾಗ ಧಾರವಾಡದಲ್ಲಿ ಏಳು ವರ್ಷ ಹಾಡು ಕಲಿತವಳು. ಲಗ್ನವಾಗಿ ಬಂದದ್ದು ಈ ಒಂದೂವರೆ ಕೋಣೆಗೆ. ಇಲ್ಲಿ ತಂಬೂರಿ ನಿಲ್ಲಿಸಿದರೆ ಮನುಷ್ಯರು ಹೊರಗೆ ನಿಲ್ಲಬೇಕು! ಹಾಗಾಗಿ ಹಾಡು ಗುನುಗಾಗಿ ಉಳಿಯಿತು. ಬಟ್ಟೆ ಒಣಹಾಕುತ್ತ, ಅಕ್ಕಿ ಆರಿಸುತ್ತ ಏನೋ ಗುನುಗಿ, ಕೊನೆಗೆ ತಿರುಗಿ ನೋಡಿ ಕಾಕಾನನ್ನು ಕೇಳುವಳು, "ಹೆಂಗಿತ್ತು?" ಕಾಕಾ ಪೇಪರಿನಿಂದ ತಲೆ ಎತ್ತದೆ, "ಛಲೋ ಇತ್ತು" ಎನ್ನುವರು. ಸಾರಿಗೂ ಅದೇ ಉತ್ತರ, ರಾಗಕ್ಕೂ ಅದೇ ಉತ್ತರ. "ನಿಮಗ ಏನೂ ತಿಳಿಯೂದಿಲ್ಲ ಬಿಡ್ರಿ" ಎಂದು ಕಾಕು ನಗುವಳು. ಶಾಲೆಯ ಸೂಟಿಯಲ್ಲಿ ಹೋದಾಗೆಲ್ಲ ನಾನು ಈ ಸಂಭಾಷಣೆ ಕೇಳಿದ್ದೇನೆ. ಆ ನಗು ಒಂಥರಾ ಮೆಟ್ಟಿಲಿಳಿದಂತೆ ಬರುತ್ತಿತ್ತು, ಮೇಲಿನಿಂದ ಕೆಳಕ್ಕೆ, ಕೊನೆಗೊಂದು ಬಿಕ್ಕಿನೊಂದಿಗೆ.

ಈಗ ಕ್ಯಾಸೆಟ್ಟಿಗೆ ಬರುತ್ತೇನೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬುದು ಕಾಕಾನ ಸಿದ್ಧಾಂತ. ಬಿಲ್ಡಿಂಗಿನಲ್ಲಿ ಯಾರ ಮನೆಗೆ ಯಾವ ಕ್ಯಾಸೆಟ್ ಬಂದರೂ ಅದರ ನಕಲು ಇವರ ಕಪಾಟಿನಲ್ಲಿ ಇರಬೇಕು. ಕೀರ್ತನೆ, ಭಾಷಣ, ಮೂವತ್ತು ದಿನದಲ್ಲಿ ಇಂಗ್ಲಿಷ್, ಯಾರದೋ ಮಗಳ ಮದುವೆಯ ಮಂಗಳಾಷ್ಟಕ! ಕಾಕು ಹೋಗುವುದಕ್ಕೆ ಒಂದು ತಿಂಗಳ ಮುಂಚೆ ಕೆಳಗಿನ ಮನೆಯ ಹಡಗಿನ ನೌಕರ ರಜೆಯಲ್ಲಿ ಬಂದಿದ್ದ. ಅವನ ಹತ್ತಿರ ಯಾವುದೋ ದೂರದ ಬಂದರಿನಲ್ಲಿ ಕೊಂಡ ಕ್ಯಾಸೆಟ್ಟೊಂದಿತ್ತು. ಅರ್ಧ ಜಾಝ್, ಅರ್ಧ ಹಿಪ್ ಹಾಪ್, ಎರಡನ್ನೂ ಕಲಸಿದ್ದಾರೆ ಎಂದು ಅವನು ವಿವರಿಸಿದನಂತೆ. ಕಾಕಾನಿಗೆ ಅವೆರಡೂ ತಿನ್ನುವ ಪದಾರ್ಥವೋ ಹೊದೆಯುವ ಪದಾರ್ಥವೋ ಗೊತ್ತಿರಲಿಲ್ಲ. ಆದರೂ ಒಂದು ದಿನದ ಮಟ್ಟಿಗೆ ತಂದರು.

ನಕಲು ಮಾಡುವ ಕ್ರಮ ಹೀಗೆ: ಚಾದರ ಮಡಚಿ ಹಾಸಿ, ಅದರ ಮೇಲೆ ಎರಡು ಟೇಪ್ ರೆಕಾರ್ಡರುಗಳನ್ನು ವಧೂವರರ ಹಾಗೆ ಎದುರುಬದುರು ಕೂರಿಸುವುದು. ಒಂದು ಹಾಡುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ನೂರಾ ನಲವತ್ತನಾಲ್ಕನೇ ಕಲಂ ಜಾರಿ. ಕೆಮ್ಮುವ ಹಾಗಿಲ್ಲ, ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಇಷ್ಟಾದರೂ ಕಾಕಾನ ನಕಲಿನಲ್ಲಿ ಲೋಕಲ್ ಟ್ರೇನು ಹಾಯುತ್ತಿತ್ತು, ವಿಮಾನ ಇಳಿಯುತ್ತಿತ್ತು, ಕುಕ್ಕರು ಸೀಟಿ ಹೊಡೆಯುತ್ತಿತ್ತು. ಹಡಗಿನವನು ಮರುದಿನವೇ ಕ್ಯಾಸೆಟ್ ವಾಪಸು ಪಡೆದು ಸಮುದ್ರಕ್ಕೆ ಹೊರಟುಹೋದ.

ನಾನು ಬಂದ ಹೊಸದರಲ್ಲೇ ಕಾಕಾ ಆ ನಕಲನ್ನು ನನಗೆ ಕೇಳಿಸಿದರು. ಯಾರೋ ಒಬ್ಬ ಉಸಿರು ಬಿಡದೆ ಮಾತಾಡುತ್ತಾನೆ, ಹಿಂದೆ ಒಬ್ಬ ತುತ್ತೂರಿ ಊದುತ್ತಾನೆ, ನಡುವೆ ಧಡ್ ಧಡ್. ಐದನೇ ನಿಮಿಷಕ್ಕೆ ಕುಕ್ಕರು. "ಹೆಂಗಿತ್ತು?" ಎಂದು ಕಾಕಾ ಕೇಳಿದರು. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. "ಮೊದಲನೇ ಮಗ್ಗಲಾ ಸುದ್ದಾ ಮುಗಿದಿಲ್ಲೋ! ಎರಡನೇದು ಕೇಳು ಮೊದಲ, ಆಮ್ಯಾಲ ಹೇಳು" ಎಂದರು. ನಾನು ಸ್ಟೇಷನ್ ಕಡೆ ಹೊರಟೇಬಿಟ್ಟೆ. ಮುಂದೆ ಅವರು ಕ್ಯಾಸೆಟ್ ಹಾಕಿದಾಗಲೆಲ್ಲ ನನಗೆ ಸ್ಟೇಷನ್ನಿನಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು.

ಮನೆಯ ಮನುಷ್ಯನಾದ ನಾನೇ ಕೈಕೊಟ್ಟಮೇಲೆ ಕಾಕಾ ಊರಿನ ಮೇಲೆ ಬಿದ್ದರು. ಅವರ ಬೆಳಗಿನ ಲೋಕಲ್ಲಿನಲ್ಲಿ ಒಂದು ಭಜನಾ ಮಂಡಳಿ ಇತ್ತು. ಪಾರ್ಲೆಯಿಂದ ಚರ್ಚ್‌ಗೇಟಿನವರೆಗೆ ತಾಳ ಕುಟ್ಟುತ್ತ ವಿಠ್ಠಲನನ್ನು ಕರೆಯುವ ಮರಾಠಿ ಗುಮಾಸ್ತರು. ಕಾಲಿಡಲು ಜಾಗವಿಲ್ಲದ ಡಬ್ಬಿಯೊಳಗೆ ಕಾಕಾ ಟೇಪ್ ರೆಕಾರ್ಡರನ್ನು ವಸುದೇವನಂತೆ ತಲೆಯ ಮೇಲೆ ಹೊತ್ತು ನುಗ್ಗಿದರು! ಭಜನೆಯ ನಡುವೆ ಬಿಡುವು ಸಿಕ್ಕಿದ್ದೇ ತಡ, ಕ್ಯಾಸೆಟ್ ಚಾಲೂ. ತಾಳದವನು ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ಕೈ ತಡೆಯಲಾರದೆ ತಾಳ ಕೂಡಿಸಿದ. ದಾದರ್ ಸ್ಟೇಷನ್ ಬರುವ ಹೊತ್ತಿಗೆ ಇಡೀ ಮಂಡಳಿ ತಲೆದೂಗುತ್ತಿತ್ತು. ಕಾಕಾನ ಮುಖ ಅರಳಿತು. ಆದರೆ ಮೊದಲನೇ ಮಗ್ಗುಲು ಮುಗಿಯುವುದಕ್ಕೂ ಚರ್ಚ್‌ಗೇಟ್ ಬರುವುದಕ್ಕೂ ಸರಿಹೋಯಿತು. ಮಂಡಳಿಯ ಹಿರಿಯರು ಇಳಿಯುತ್ತ ಅಭಿಪ್ರಾಯ ಕೊಟ್ಟರು. "ಠೇಕಾ ಛಾನ್ ಆಹೆ. ಪಣ ದೇವ್ ಕುಠೆ ಆಹೆ?"

ತಾಳ ಚೆನ್ನಾಗಿದೆ, ದೇವರೆಲ್ಲಿದ್ದಾನೆ? ನ್ಯಾಯವಾದ ಪ್ರಶ್ನೆಯೇ! ಕಾಕಾ ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಅವರ ಬೆನ್ನಿಗೆ ಕೂಗಿ ಹೇಳಿದರಂತೆ, "ದುಸ್ರ್ಯಾ ಬಾಜೂಲಾ!" ಎರಡನೇ ಮಗ್ಗುಲಲ್ಲಿದ್ದಾನೆ ಎಂದು. ಆ ಸಂಜೆ ಇದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಕಾಕಾ ನಗಲಿಲ್ಲ.

ಮರುವಾರ ಫೋರ್ಟಿನ ಉಡುಪಿ ಹೋಟೆಲಿನ ಸರದಿ. ಕಾಕಾ ದಿನವೂ ಅಲ್ಲೇ ಊಟ ಮಾಡುತ್ತಿದ್ದುದರಿಂದ ಹಣದ ಗಲ್ಲೆಯ ಮೇಲೆ ಕೂತ ಭಟ್ಟರಿಗೆ ಇಲ್ಲವೆನ್ನಲು ದಾಕ್ಷಿಣ್ಯ. ಮಧ್ಯಾಹ್ನದ ಗಿರಾಕಿಗಳ ನಡುವೆ ಕ್ಯಾಸೆಟ್ ಶುರುವಾಯಿತು. ಜನ ಗಬಗಬನೆ ಅನ್ನ ನುಂಗಿ, ಮಜ್ಜಿಗೆಗೂ ಕಾಯದೆ, ಕೈ ತೊಳೆದು ಎದ್ದರು. ಹತ್ತು ನಿಮಿಷದಲ್ಲಿ ಅರ್ಧ ಹೋಟೆಲು ಖಾಲಿ! ಕಾಕಾ ಮುಖ ಸಣ್ಣದು ಮಾಡಿಕೊಂಡು ಕ್ಯಾಸೆಟ್ ತೆಗೆಯಲು ಹೋದರೆ ಭಟ್ಟರು ಕೈ ಹಿಡಿದರು.

"ತೆಗೀಬೇಡಿ ಮಾರಾಯ್ರೆ! ಎಂಥಾ ಒಳ್ಳೆ ಸಂಗೀತ ಇದು! ನಾನು ಇಪ್ಪತ್ತು ವರ್ಷದಿಂದ 'ಊಟ ಆದವರು ಏಳಿ' ಅಂತ ಬೋರ್ಡು ಹಾಕಿದ್ದೇನೆ, ಒಬ್ಬ ಎದ್ದದ್ದಿಲ್ಲ. ಇದನ್ನು ನನಗೆ ಒಂದು ಕಾಪಿ ಮಾಡಿ ಕೊಡ್ಬೇಕು ನೀವು."

ಕಾಕಾ ಸಿಟ್ಟಿನಿಂದ ಮೂರು ದಿನ ಆ ಹೋಟೆಲಿನ ಮೆಟ್ಟಿಲು ತುಳಿಯಲಿಲ್ಲ. ನಾಲ್ಕನೆಯ ದಿನ ಗೋಳಿಬಜೆಯ ವಾಸನೆ ರಾಜಿ ಮಾಡಿಸಿತು.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಮೈಸೂರು ಕಡೆಯ ರಾಯರೊಬ್ಬರಿದ್ದರು. ನಿವೃತ್ತ ಇಂಜಿನಿಯರು, ಕಛೇರಿಗಳಲ್ಲಿ ಮೊದಲನೇ ಸಾಲಿನಲ್ಲಿ ಕೂತು ತೊಡೆ ತಟ್ಟುವವರು. ಸಂಗೀತ ಬಲ್ಲವರು ಸಿಕ್ಕರು ಎಂದು ಕಾಕಾನಿಗೆ ಎಲ್ಲಿಲ್ಲದ ಆಸೆ. ಕಾಫಿ ಮಾಡಿ, ದಿಂಬು ಕೊಟ್ಟು ಕೂರಿಸಿದರು. ಆ ದಿಂಬು ಕೊಟ್ಟದ್ದೇ ತಪ್ಪಾಯಿತು. ಮೊದಲನೇ ಮಗ್ಗುಲು ಮುಗಿಯುವ ಮುನ್ನವೇ ರಾಯರ ಗೊರಕೆ ತುತ್ತೂರಿಯನ್ನು ಮೀರಿಸಿತು. ಎಚ್ಚರಾದಮೇಲೆ ಅಭಿಪ್ರಾಯ ಕೇಳಿದರೆ, "ಇದು ಹರಿಕಥೆ ಕಣ್ರೀ. ಒಬ್ಬ ಕಥೆ ಹೇಳ್ತಾನೆ, ಒಬ್ಬ ಪಕ್ಕವಾದ್ಯ. ಕಥೆ ಯಾವುದು ಅಂತ ತಿಳೀಲಿಲ್ಲ ಅಷ್ಟೆ."

"ನಿದ್ದಿ ಮಾಡಿದ್ರಲ್ಲಾ ನೀವು?"

"ಹರಿಕಥೇಲಿ ಮತ್ತೇನು ಮಾಡ್ತಾರೆ?"

ನನಗೆ ಪಾಪ ಅನ್ನಿಸಿತು. ಈ ಮನುಷ್ಯನ ಸಂಗೀತಪ್ರೇಮಕ್ಕೆ ಆ ದರಿದ್ರ ರೆಕಾರ್ಡಿಂಗೇ ಅಡ್ಡಿ ಎಂದು ತೀರ್ಮಾನಿಸಿದೆ. ಫೋರ್ಟಿನ ಫುಟ್‌ಪಾತುಗಳನ್ನೆಲ್ಲ ಜಾಲಾಡಿ, ನಾಲ್ಕು ಶನಿವಾರ ಅಲೆದು, ಅದೇ ಕ್ಯಾಸೆಟ್ಟಿನ ಅಸಲಿ ಪ್ರತಿ ಹುಡುಕಿ ತಂದೆ. ಕುಕ್ಕರಿಲ್ಲ, ಟ್ರೇನಿಲ್ಲ, ತುತ್ತೂರಿ ಎದುರಿಗೇ ಊದಿದ ಹಾಗೆ. ಕಾಕಾ ಕಣ್ಣು ಮುಚ್ಚಿ ಎರಡೂ ಮಗ್ಗುಲು ಕೇಳಿದರು. ಎರಡನೆಯದರ ಕೊನೆಗೆ ಸ್ಪೀಕರಿನ ಸಮೀಪ ಕಿವಿ ಒಯ್ದರು. ಮುಗಿದ ಮೇಲೆ ಕ್ಯಾಸೆಟ್ ತೆಗೆದು, ಡಬ್ಬಿಗೆ ಹಾಕಿ, ನನ್ನ ಕೈಗಿಟ್ಟರು.

"ಇದು ಪೂರಾ ಇಲ್ಲೋ. ಏನೋ ಕಡಿಮಿ ಅದ."

ನನಗೆ ಮೈಯೆಲ್ಲ ಉರಿಯಿತು. "ಕುಕ್ಕರ್ ಕಡಿಮಿ ಅದ ಕಾಕಾ!" ಎಂದೆ. "ಆ ಎರಡನೇ ಮಗ್ಗಲದಾಗ ಅಂಥಾದ್ದೇನದ? ಹೇಳಿಬಿಡ್ರಲ್ಲಾ. ಇಲ್ಲಾಂದ್ರ ಫಾರ್ವರ್ಡ್ ಮಾಡಿ ಅಷ್ಟ ಕೇಳಸ್ರಿ."

ಫಾರ್ವರ್ಡ್! ಆ ಬಟನ್ನು ಮುಟ್ಟಲು ಅವರು ಯಾರಿಗೂ ಬಿಡುತ್ತಿರಲಿಲ್ಲ. ಮಷೀನು ಟೇಪು ತಿಂದುಬಿಡುತ್ತದೆ ಎಂಬ ಹೆದರಿಕೆ. ಹಿಂದಕ್ಕೆ ಸುತ್ತಬೇಕಾದರೂ ಕ್ಯಾಸೆಟ್ ಹೊರತೆಗೆದು, ಅದರ ಗಾಲಿಯ ಹಲ್ಲಿನ ನಡುವೆ ಪೆನ್ಸಿಲು ತೂರಿಸಿ, ಕೈಯಿಂದಲೇ ಸುತ್ತುವರು.

"ಹೇಳಿ ಕೇಳಿಸಿದರ ಅದು ಅಭಿಪ್ರಾಯ ಅಲ್ಲಪಾ" ಎಂದರು ಕಾಕಾ. "ಅದು ಸಮಾಧಾನ. ಸಮಾಧಾನ ಹೇಳವ್ರು ಭಾಳ ಮಂದಿ ಬಂದು ಹೋದ್ರು. ನನಗ ಒಬ್ಬರರೆ ತಾವಾಗೇ ಕೇಳಿ, ಖರೆ ಹೇಳಬೇಕು."

ಅರ್ಥವಾಗಲಿಲ್ಲ. ವಯಸ್ಸಾಯಿತು, ಒಂಟಿತನ ತಲೆಗೇರಿದೆ ಎಂದುಕೊಂಡು ನನ್ನ ಕ್ಯಾಸೆಟ್ಟನ್ನು ಕಪಾಟಿಗೆ ಸೇರಿಸಿದೆ. ಬುದ್ಧಿವಂತ ನೋಡಿ ನಾನು!

ಒಂದು ಭಾನುವಾರ ಮಧ್ಯಾಹ್ನ ರಾಯರ ಮೊಮ್ಮಗಳು ನಮ್ಮ ಬಾಗಿಲು ತಟ್ಟಿದಳು. ಕಾಲೇಜಿಗೆ ಹೋಗುವ ಹುಡುಗಿ, ಅಜ್ಜನ ಒತ್ತಾಯಕ್ಕೆ ಎಂಟು ವರ್ಷ ವೀಣೆ ಕಲಿತವಳು, ಸ್ವಂತ ಖುಷಿಗೆ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಓಡಾಡುವವಳು. ಮನೆಗೆ ಬೀಗ, ಮನೆಯವರು ಬರುವುದು ತಡ. ಒಳಗೆ ಕೂತಳು. ಕಾಕಾ ಹಳೇ ಹುಲಿಯಂತೆ ಟೇಪ್ ರೆಕಾರ್ಡರಿನ ಕಡೆ ಸರಿದರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಸ್ಟೇಷನ್ನಿಗೆ ಹೋಗುವ ಹಾಗಿರಲಿಲ್ಲ.

ಮೊದಲ ಧಡ್ ಧಡ್‌ಗೇ ಹುಡುಗಿ ಜಿಗಿದೆದ್ದಳು. "ಅರೇ ಅಂಕಲ್! ಇದು ನಿಮ್ಮ ಹತ್ರ ಹೇಗೆ ಬಂತು? ಫುಲ್ ಅಂಧೇರಿ ಹುಡುಕಿದೆ, ಸಿಕ್ಕಿಲ್ಲ ನಂಗೆ!"

ಕಾಕಾ ಬಾಯಿ ತೆರೆದದ್ದು ಮುಚ್ಚಲಿಲ್ಲ. ಆ ಸಂಗೀತವನ್ನು ಇಷ್ಟಪಡುವ ಜೀವಿಗಳೂ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ! ಹುಡುಗಿ ನೆಲದ ಮೇಲೆ ಕೂತು ಮೊದಲನೇ ಮಗ್ಗುಲು ಪೂರ್ತಿ ಕೇಳಿದಳು. ಕುಕ್ಕರಿನ ಸೀಟಿಗೂ ತಲೆದೂಗಿದಳು. "ಈ ಮ್ಯೂಸಿಕ್‌ನಲ್ಲಿ ಹಾಗೇ ಅಂಕಲ್. ರಸ್ತೆ ಆವಾಜು, ಯಾರ್ಯಾರದೋ ವಾಯ್ಸು, ಎಲ್ಲಾ ತಗೊಂಡು ಜೋಡಿಸ್ತಾರೆ" ಎಂದು ಕಾಕಾನಿಗೇ ಪಾಠ ಹೇಳಿದಳು. ಆಮೇಲೆ ತಾನೇ ಕ್ಯಾಸೆಟ್ ತಿರುಗಿಸಿ ಹಾಕಿದಳು. ಕಾಕಾ ಕಿಟಕಿಯ ಕಡೆ ಮುಖ ಮಾಡಿ ನಿಂತರು.

ಎರಡನೇ ಮಗ್ಗುಲು ಮುಗಿಯಲು ಬಂದಿತ್ತು. ಮಾತಾಡುವವನು ಮಾತು ನಿಲ್ಲಿಸಿದ್ದ. ತುತ್ತೂರಿ ಒಂದೇ ನಿಧಾನವಾಗಿ ಊದಿ, ಒಂದು ಸ್ವರದ ಮೇಲೆ ನಿಂತು ಬಿಟ್ಟಿತು. ಅದು ಬಿಟ್ಟಲ್ಲಿಂದ, ಹಿಂದೆ ಎಲ್ಲೋ ದೂರದಿಂದ, ಒಬ್ಬ ಹೆಂಗಸು ಆ ಸ್ವರವನ್ನು ಹಿಡಿದಳು. ಮಾತಿಲ್ಲ, ಬರೀ ಗುನುಗು. ತುತ್ತೂರಿ ಏರಿತು, ಅವಳೂ ಏರಿದಳು. ಅದು ಇಳಿಯಿತು, ಅವಳು ಇನ್ನೊಂದು ದಾರಿಯಿಂದ ಬಳಸಿ ಇಳಿದಳು. ಥಟ್ಟನೆ ನಿಂತಳು. ಆಮೇಲೆ ಒಂದು ನಗು. ಮೇಲಿನಿಂದ ಕೆಳಕ್ಕೆ, ಮೆಟ್ಟಿಲಿಳಿದಂತೆ, ಕೊನೆಗೊಂದು ಬಿಕ್ಕು.

ನಾನು ಚಾಕು ಕೆಳಗಿಟ್ಟೆ. ಕಣ್ಣು ಉರಿಯುತ್ತಿತ್ತು. ಈರುಳ್ಳಿಯ ಮೇಲೆ ಹಾಕಬಹುದಿತ್ತು, ಹಾಕುವುದಿಲ್ಲ.

"ಅಂಕಲ್, ಬಾಕಿ ಎಲ್ಲಾ ಓಕೆ" ಎಂದಳು ಹುಡುಗಿ. "ಬಟ್ ಆ ಲೇಡಿ! ಏನು ಸುರ್ ಹಿಡೀತಾರೆ! ಪೂರಾ ಕ್ಯಾಸೆಟ್‌ನಲ್ಲಿ ಅವರೇ ಬೆಸ್ಟ್. ಯಾರು ಅವರು? ಅವರದ್ದು ಬೇರೆ ಕ್ಯಾಸೆಟ್ ಇದೆಯಾ?"

ಕಾಕಾ ಕಿಟಕಿಯಿಂದ ತಿರುಗಲಿಲ್ಲ. "ಇಲ್ಲವಾ ತಂಗಿ" ಎಂದರು. "ಇದೊಂದ ಅದ."

ಹುಡುಗಿ ಹೋದಮೇಲೆ ನಾನು ಈರುಳ್ಳಿಯ ತಟ್ಟೆಯನ್ನು ಬದಿಗೆ ಸರಿಸಿದೆ. ಆಮೇಲೆ ಕಾಕಾ ತಾವಾಗಿಯೇ ಹೇಳಿದರು.

"ರೆಕಾರ್ಡಿಂಗ್ ಮುಗೀಲಿಕ್ಕೆ ಎರಡು ನಿಮಿಷ ಇತ್ತು ನೋಡು. ಅಕಿ ಅರಿವಿ ಒಣ ಹಾಕ್ಕೋತ ಮೈಮರತು ಹಾಡಿಬಿಟ್ಟಳು. ರೆಕಾರ್ಡಿಂಗ್ ನಡದದ ಅಂತ ನೆನಪಾಗಿ ನಕ್ಕಳು. ಮಷೀನ್ ಬಂದ್ ಮಾಡಿ ನಾ ಒದರಿದೆ, 'ಎಲ್ಲಾ ಕೆಡಿಸಿಬಿಟ್ಟಿ!' ಅಂತ. ಅಕಿ ಒಳಗ ಹೋದ್ಲು. ಇಪ್ಪತ್ತಾರು ವರ್ಷ ದಿನಾ ಕೇಳಾಕಿ, ಆವತ್ತೊಂದಿನ 'ಹೆಂಗಿತ್ತು' ಅಂತ ಕೇಳ್ಲಿಲ್ಲೋ. ಆಮ್ಯಾಲ ಅಕಿ ಹಾಡಿದ್ದ ನನಗ ನೆನಪಿಲ್ಲ."

ತಿಂಗಳುಗಟ್ಟಲೆ ಅದೇ ಮನೆಯಲ್ಲಿ ಅನ್ನ ತಿಂದು, ಆ ದನಿಗೆ ಚಪ್ಪಲಿ ಮೆಟ್ಟಿ ಓಡಿದವನು ನಾನು.

"ಕೆಟ್ಟಿದ್ದಿಲ್ಲಂತ" ಎಂದರು ಕಾಕಾ, ಕಣ್ಣೊರೆಸಿಕೊಳ್ಳುತ್ತ. "ಸುರ್ ಹಿಡದಿದ್ಲಂತ. ಈಗ ನೀ ಹೇಳು. ಹೆಂಗಿತ್ತು?"

ಎಷ್ಟು ತಡಕಾಡಿದರೂ ಬಾಯಿಗೆ ಬಂದದ್ದು ಅದೊಂದೇ. "ಛಲೋ ಇತ್ತು ಕಾಕಾ."

ಕಾಕಾ ನಕ್ಕೇಬಿಟ್ಟರು. "ನಿನಗೂ ಏನೂ ತಿಳಿಯೂದಿಲ್ಲ ಬಿಡು" ಎಂದು ಕ್ಯಾಸೆಟ್ ಹೊರತೆಗೆದು, ಪೆನ್ಸಿಲು ತೂರಿಸಿ ಹಿಂದಕ್ಕೆ ಸುತ್ತತೊಡಗಿದರು. ಟೇಪಿನ ಕಡೆ ನೋಡುತ್ತಲೂ ಇರಲಿಲ್ಲ. ಸುತ್ತುತ್ತ ಸುತ್ತುತ್ತ ಕೈ ತಾನಾಗಿ ಒಂದು ಕಡೆ ನಿಂತಿತು. ಒಳಗಿಟ್ಟು ಬಟನ್ ಒತ್ತಿದರು. ತುತ್ತೂರಿ ಅದೇ ಆಗ ಸ್ವರ ಬಿಟ್ಟಿತ್ತು, ಕಾಕು ಹಿಡಿದಳು.