ಪವನಬಲದ ಗುಪ್ತದಾನ

ಪವನಬಲ ಪುಷ್ಟಿಚೂರ್ಣದ ತಯಾರಕರೂ, ಬೇಗಂಪೇಟೆಯ ಗಾಜಿನ ಕಟ್ಟಡದಲ್ಲಿ ವಿರಾಜಮಾನರೂ, ನಾನು ಬಂದಾಗಲೆಲ್ಲ ಮೀಟಿಂಗಿನಲ್ಲಿರುವವರೂ ಆದ ವ್ಯವಸ್ಥಾಪಕ ಮಹಾಶಯರ ಸನ್ನಿಧಿಗೆ, ಮಲ್ಕಾಜ್‌ಗಿರಿಯ ನಿವಾಸಿ, ನಿವೃತ್ತ ಸಂಸ್ಕೃತ ಅಧ್ಯಾಪಕ ಜಯತೀರ್ಥಾಚಾರ್ಯ ಕೊಪ್ಪರನು ಊರೆಲ್ಲ ಓದಲೆಂದು ಬರೆದುಕೊಂಡ ವಿಜ್ಞಾಪನೆ.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಚೂರ್ಣವನ್ನು ತಾವು ಸೇವಿಸುವುದಿಲ್ಲವೆಂದು ತಮ್ಮ ಕಚೇರಿಯವರಿಂದಲೇ ತಿಳಿದುಬಂದಿರುವುದರಿಂದ ಈ ನಂಬಿಕೆಗೆ ಬಲವಾದ ಆಧಾರವೂ ಇದೆ.

ನನ್ನ ಮೊಮ್ಮಗಳು ಚಿರಂಜೀವಿ ಸುಹಾಸಿನಿ ನಾನೂರು ಮೀಟರ್ ಓಟದವಳು. ಬೆಳಗಿನ ಜಾವ ಮೈದಾನಕ್ಕೆ ಹೋಗಿ ಓಡಿ ಬಂದಳೆಂದರೆ ತೊಡೆಗಳು ಮರದ ಕೊರಡಿನಂತೆ ಬಿಗಿದು, ಮನೆಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಅಡ್ಡಡ್ಡಲಾಗಿ ಇಳಿಯುತ್ತಿದ್ದಳು. ಈ ಸಲ ರೈಲ್ವೆ ತಂಡದ ಆಯ್ಕೆಯಿತ್ತು. ಆಯ್ಕೆಯಾದರೆ ತಂಡದಲ್ಲಿ ಸ್ಥಾನ, ಅದರ ಬೆನ್ನಿಗೆ ನೌಕರಿ. ವ್ಯಾಯಾಮದಲ್ಲಿ ದಣಿದು ಹರಿದ ಸ್ನಾಯುವಿನ ಎಳೆಗಳನ್ನು ಮರುದಿನದೊಳಗೆ ಹೆಣೆದು ಕೊಡುವುದಾಗಿ ತಮ್ಮ ಡಬ್ಬಿಯ ಮೇಲೆ ಅಭಯವಿದ್ದುದರಿಂದ, ಆಕೆ ನಾರಾಯಣಗೂಡದ ಅಂಗಡಿಯೊಂದರಿಂದ ಅದನ್ನು ಮನೆಗೆ ತಂದಳು.

ನಾನು ಭೂತಗನ್ನಡಿ ಹಿಡಿದು ಡಬ್ಬಿಯ ಸುತ್ತಲಿನ ಸೂಕ್ಷ್ಮಾಕ್ಷರಗಳನ್ನೆಲ್ಲ ಓದಿದೆ. ಮೊಟ್ಟೆ ಇರಲಿಲ್ಲ, ಮೀನೆಣ್ಣೆ ಇರಲಿಲ್ಲ, ಹಸಿರು ಚುಕ್ಕೆ ಇತ್ತು. ಹೆಸರೂ ಪವನನದೇ ಆದುದರಿಂದ ವಾಯುದೇವರ ಭಕ್ತರಾದ ನಮಗೆ ಬೇರೆ ಶಿಫಾರಸು ಬೇಕಾಗಲಿಲ್ಲ. ಮುಖಪುಟದ ಸ್ಥೂಲಭುಜದ ಪುರುಷನು ಅಂಗಿಯಿಲ್ಲದೆಯೂ ಜನಿವಾರವಿಲ್ಲದೆಯೂ ನಿಂತಿದ್ದನು. ಅದನ್ನು ನಾವು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ತಾವು ತಿಳಿಯಬೇಕು. ಹುಡುಗಿ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದಂತೆಯೇ ನನ್ನ ಧರ್ಮಪತ್ನಿ ಕೃಷ್ಣಾಬಾಯಿ ಒಳಗಿನಿಂದ, "ಏ ಹುಡುಗಿ, ದೇವರಿಗೆ ತೋರಿಸದ್ದು ಈ ಮನ್ಯಾಗ ಯಾರ ಹೊಟ್ಟಿಗೂ ಹೋಗಂಗಿಲ್ಲ, ಕೆಳಗಿಡು" ಎಂದಳು. ಹೀಗಾಗಿ ತಮ್ಮ ಚೂರ್ಣವು ಹಸುವಿನ ಹಾಲಿನಲ್ಲಿ ಕದಡಲ್ಪಟ್ಟು, ಬೆಳ್ಳಿಯ ಬಟ್ಟಲಿಗೆ ಬಿದ್ದು, ಮೇಲೊಂದು ತುಳಸೀದಳವನ್ನು ಧರಿಸಿ, ನಮ್ಮ ಕುಲದೈವ ವೆಂಕಟರಮಣನಿಗೆ ನಿತ್ಯ ನಿವೇದಿತವಾಗತೊಡಗಿತು. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಸೇವಿಸತಕ್ಕದ್ದೆಂದು ತಾವು ಆಜ್ಞಾಪಿಸಿದ್ದರಿಂದ, ನನ್ನ ಅಜ್ಜನ ಕಾಲದಿಂದ ಅಲುಗದಿದ್ದ ಪೂಜೆಯ ಹೊತ್ತನ್ನು ಹುಡುಗಿ ಮೈದಾನದಿಂದ ಬರುವ ಹೊತ್ತಿಗೆ ಸರಿಸಿದೆ. ದೇವರ ಊಟದ ವೇಳೆಯನ್ನು ಬೇಗಂಪೇಟೆಯಿಂದ ನಿರ್ಣಯಿಸುವ ಭಾಗ್ಯ ತಮಗಿಂತ ಮೊದಲು ಯಾರಿಗೂ ದೊರೆತಿರಲಿಲ್ಲ.

ನೈವೇದ್ಯವಾದ ಮೇಲೆ ಪ್ರಸಾದವನ್ನು ಬೇಡವೆನ್ನಲು ಬರುವುದಿಲ್ಲವಷ್ಟೆ. ದೊಡ್ಡ ಪಾಲು ಸುಹಾಸಿನಿಗೆ, ಗುಟುಕು ಗುಟುಕು ನಮ್ಮಿಬ್ಬರಿಗೆ. ಅದರ ಮಹಿಮೆ ಕೆಲವೇ ದಿನಗಳಲ್ಲಿ ಪ್ರಕಟವಾಯಿತು. ಸಂಜೆಯ ಪ್ರವಚನದಲ್ಲಿ ಮಂಗಳಾಚರಣೆ ಮುಗಿಯುವುದರೊಳಗೆ ತೂಕಡಿಸುವುದನ್ನು ವ್ರತದಂತೆ ನಡೆಸಿಕೊಂಡು ಬಂದಿದ್ದ ಕೃಷ್ಣಾಬಾಯಿ, ಬೆನ್ನು ನೆಟ್ಟಗೆ ಮಾಡಿ ಕುಳಿತು, "ಆಚಾರ್ರ, ನಿನ್ನೆ ಒಂದು ಹೇಳಿದ್ರಿ, ಇವತ್ತು ಬ್ಯಾರೆ ಹೇಳಲಿಕ್ಕೆ ಹತ್ತೀರಿ, ಯಾವುದು ಖರೆ?" ಎಂದು ಸಭೆಯ ನಡುವೆ ಕೇಳಿದಳು. ಪ್ರವಚನಕಾರರು ಅಂದಿನಿಂದ ಅವಳತ್ತ ನೋಡದೆ ಹೇಳುವ ಅಭ್ಯಾಸ ಮಾಡಿಕೊಂಡಿದ್ದಾರೆ. ನನ್ನ ಪಾರಾಯಣವೋ, ಊಟದ ಹೊತ್ತಿಗೆ ಮುಗಿಯುತ್ತಿದ್ದದ್ದು ಸ್ನಾನದ ನೀರು ಆರುವುದರೊಳಗೆ ಮುಗಿಯತೊಡಗಿತು. ಇದನ್ನು ನಾನು ವಾಯುದೇವರ ಅನುಗ್ರಹವೆಂದು ತಿಳಿದು ಇನ್ನೊಂದು ಗುಟುಕನ್ನು ಹೆಚ್ಚಿಗೆ ಸ್ವೀಕರಿಸಿದೆ.

ಒಂದು ಬೆಳಿಗ್ಗೆ ತೀರ್ಥ ಕೊಡುವಾಗ ಕೈ ನಡುಗಿ ಉದ್ಧರಣೆ ಕೆಳಗೆ ಬಿತ್ತು. ಎದೆ, ಹಳಿಯ ಮೇಲೆ ಗೂಡ್ಸ್ ಗಾಡಿ ಹೋದಂತೆ ಬಡಿದುಕೊಳ್ಳುತ್ತಿತ್ತು. ಹೊಸದಾಗಿ ಏನು ತಿನ್ನುತ್ತಿದ್ದೀರಿ ಎಂದು ಡಾಕ್ಟರರು ಕೇಳಿದಾಗ, ದೇವರ ನೈವೇದ್ಯದ ಹೊರತು ಏನೂ ಇಲ್ಲವೆಂದು ಹೆಮ್ಮೆಯಿಂದ ನುಡಿದೆ. ಅವರು ಬಹಳ ಸೌಮ್ಯವಾಗಿ, ದೇವರು ಏನು ತಿನ್ನುತ್ತಿದ್ದಾನೆ ಎಂದು ಕೇಳಿದರು.

ಸುಹಾಸಿನಿಗೆ ಓಟ ಕಲಿಸುವ ಸಿದ್ದರಾಮಪ್ಪನವರು ಡಬ್ಬಿಯನ್ನು ಪ್ರಯೋಗಶಾಲೆಗೆ ಒಯ್ದರು. ವರದಿ ಬಂದ ದಿನ ನಮ್ಮ ಪಡಸಾಲೆಯಲ್ಲಿ ಕುಳಿತು, ಅದನ್ನು ಮಡಚುತ್ತ ಬಿಚ್ಚುತ್ತ ಹೇಳಿದರು: "ಆಚಾರ್ರ, ಡಬ್ಬಿ ಮ್ಯಾಲ ಬರದದ್ದು ಒಂದು, ಒಳಗಿರೋದು ಒಂದು. ಎರಡು ಔಷಧ ಬೆರಸ್ಯಾರ. ಒಂದು ಎದಿ ಬಡಿತ ಏರಿಸೋದು, ಇನ್ನೊಂದು ಖಂಡ ಬೆಳಸೋದು. ಓಡೋರಿಗೆ ಎರಡೂ ನಿಷೇಧ ಐತ್ರಿ. ಮೊದಲಿಂದು ಲಗೂನ ಹೋಗತೈತಿ. ಎರಡನೇದು ಮೈಯಾಗ ತಿಂಗಳುಗಟ್ಟಲೆ ಕುಂತಿರತೈತಿ."

ಮಾನ್ಯರೇ, ದಾನಗಳಲ್ಲಿ ಗುಪ್ತದಾನವೇ ಶ್ರೇಷ್ಠವೆಂದು ಬಲ್ಲವರು ಹೇಳುತ್ತಾರೆ. ಕೊಟ್ಟದ್ದನ್ನು ಫಲಕದ ಮೇಲೆ ಕೆತ್ತಿಸುವ ಈ ಕಾಲದಲ್ಲಿ, ಕೊಟ್ಟದ್ದನ್ನು ಡಬ್ಬಿಯ ಮೇಲೆ ಸಹ ಅಚ್ಚು ಹಾಕಿಸದ ತಮ್ಮ ವಿನಯವನ್ನು ಯಾವ ಮಾತಿನಿಂದ ಹೊಗಳಲಿ? ಹಾಲಿನ ಸಾರವನ್ನೂ ಸಕ್ಕರೆಯನ್ನೂ ಏಲಕ್ಕಿಯ ವಾಸನೆಯನ್ನೂ ಕೂಗಿ ಹೇಳಿದಿರಿ. ಅಮೂಲ್ಯವಾದುದನ್ನು ಮಾತ್ರ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಟ್ಟಿರಿ.

ಆದರೆ ಓಟಗಾರರ ಧರ್ಮಶಾಸ್ತ್ರವು ನಮ್ಮದರಷ್ಟು ದಯಾಳುವಲ್ಲ. ತಿಳಿಯದೆ ಉಂಡದ್ದಕ್ಕೆ ನಮ್ಮಲ್ಲಿ ಪ್ರಾಯಶ್ಚಿತ್ತವಿದೆ, ಪಂಚಗವ್ಯವಿದೆ, ಒಂದು ದಿನದ ಉಪವಾಸವಿದೆ. ಅವರಲ್ಲಿ ಮೂತ್ರಪರೀಕ್ಷೆಯಲ್ಲಿ ನಿಷಿದ್ಧ ದ್ರವ್ಯ ಸಿಕ್ಕಿತೆಂದರೆ, ಯಾರು ಬೆರೆಸಿದರೆಂಬ ವಿಚಾರ ಆಮೇಲಿನದು. ಎರಡು ವರ್ಷ ಬಹಿಷ್ಕಾರ, ಹೆಸರಿಗೆ ಅಳಿಸದ ಮಸಿ. ಒಳಗಿದ್ದ ದ್ರವ್ಯ ಎಷ್ಟು, ಯಾವಾಗ ಅದು ಮೈ ಬಿಡುತ್ತದೆ ಎಂಬುದನ್ನು ಬಲ್ಲವರು ತಾವೊಬ್ಬರೇ ಆದುದರಿಂದ, ಆಯ್ಕೆಯ ಮುನ್ನಾ ವಾರ ಬಸ್ಸು ಬದಲಿಸುತ್ತ ತಮ್ಮ ದ್ವಾರಕ್ಕೆ ಬಂದೆ. "ತಾತಗಾರೂ, ಸಾರ್ ಮೀಟಿಂಗ್‌ಲೋ ಉನ್ನಾರು" ಎಂದು ತಮ್ಮ ಸ್ವಾಗತಕಾರಿಣಿ ತೆಲುಗಿನಲ್ಲಿ ಬಹಳ ಮೃದುವಾಗಿ ಅರುಹಿದಳು. ಸಾರ್ ಕೂಡ ಇದನ್ನೇ ಕುಡಿಯುತ್ತಾರೆಯೇ ಎಂದು ಕೇಳಿದ್ದಕ್ಕೆ ನಕ್ಕು, ಸಾರ್ ಎಳನೀರು ಮಾತ್ರ ಕುಡಿಯುತ್ತಾರೆಂದಳು. ಮತ್ತೆ ಬಂದೆ, ಮೀಟಿಂಗು ನಡೆದೇ ಇತ್ತು. ಮೂರನೆಯ ಸಲ ನನ್ನ ಪ್ರಶ್ನೆಗೆ ಉತ್ತರವಾಗಿ ಮಾವಿನಹಣ್ಣಿನ ರುಚಿಯ ಹೊಸ ಡಬ್ಬಿಯೊಂದನ್ನು ಉಚಿತವಾಗಿ ದಯಪಾಲಿಸಲಾಯಿತು.

ಆಯ್ಕೆಯ ದಿನ ಸುಹಾಸಿನಿ ತಾನಾಗಿಯೇ ಹೆಸರು ಹಿಂದೆಗೆದುಕೊಂಡಳು. ಓಡೋಣ, ಪರೀಕ್ಷೆಗೆ ನಿನ್ನನ್ನೇ ಕರೆಯುತ್ತಾರೆಂದು ಏನು ಖಾತ್ರಿ ಎಂದು ಜೊತೆಯ ಹುಡುಗಿಯರು ಹೇಳಿದರಂತೆ. "ಕರೀಲಿಲ್ಲಂದ್ರ ಏನಾತು, ನನಗ ಗೊತ್ತದಲ್ಲ" ಎಂದಳಂತೆ. ಓಡುವವರ ಚಪ್ಪಲಿ, ನೀರಿನ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಗೆರೆಯ ಹೊರಗೆ ಕುಳಿತಿದ್ದು ಮನೆಗೆ ಬಂದಳು. ಮೆಟ್ಟಿಲ ಬುಡದಲ್ಲಿಯೇ ಕುಳಿತು, "ಅಜ್ಜ, ಇವತ್ತು ಒಂದು ಹೆಜ್ಜಿನೂ ಓಡಿಲ್ಲ, ಕಾಲು ಯಾಕ ಇಷ್ಟು ನೋಯಲಿಕ್ಕೆ ಹತ್ಯಾವ?" ಎಂದು ಕೇಳಿದಳು. ಭೂತಗನ್ನಡಿ ತಂದು ಡಬ್ಬಿಯನ್ನು ಮತ್ತೊಮ್ಮೆ ಸುತ್ತ ಓದಿದೆ. ಓಡದವರ ಸ್ನಾಯುನೋವಿಗೆ ಅದರಲ್ಲಿ ಪರಿಹಾರ ಬರೆದಿಲ್ಲ.

ಆದಕಾರಣ ತಮ್ಮಲ್ಲಿ ಬೇಡುವುದಿಷ್ಟು. ಡಬ್ಬಿಯ ಮೇಲಿನ ಆ ಸ್ಥೂಲಭುಜದ ಪುರುಷನನ್ನು ಮುಂದಿನ ಆಯ್ಕೆಗೆ ಕಳುಹಿಸಿಕೊಡಬೇಕು. ಸುಹಾಸಿನಿಯ ಪರವಾಗಿ ಅವನು ಓಡಲಿ, ಓಡಲಾರನಾದರೆ ಪರೀಕ್ಷೆಯ ಸೀಸೆಯನ್ನಾದರೂ ತುಂಬಿಸಿಕೊಡಲಿ. ಹೋದ ಆ ಒಂದು ಬೆಳಗನ್ನು ಏಲಕ್ಕಿಯ ವಾಸನೆಯಿಲ್ಲದೆ, ಯಾವ ಬೆರಕೆಯೂ ಇಲ್ಲದೆ, ಡಬ್ಬಿಯಲ್ಲಿ ತುಂಬಿ ಹಿಂತಿರುಗಿಸಬೇಕು. ಇವೆರಡೂ ಕಷ್ಟವೆನಿಸಿದರೆ, ಒಳಗೆ ಏನೇನು ಎಷ್ಟೆಷ್ಟು ಹಾಕಿದಿರೆಂಬುದನ್ನು ಒಂದು ಹಾಳೆಯ ಮೇಲೆ ಬರೆದು ರುಜು ಮಾಡಿ ಕೊಡಬೇಕು. ಹುಡುಗಿ ಎಂದಿನಿಂದ ಓಡಬಹುದೆಂದು ಸಿದ್ದರಾಮಪ್ಪನವರು ಲೆಕ್ಕ ಹಾಕಿಕೊಳ್ಳುತ್ತಾರೆ. ಮೂರರಲ್ಲಿ ತಮಗೆ ಅತ್ಯಂತ ಅಸಾಧ್ಯವಾದದ್ದು ಈ ಕೊನೆಯದೇ ಎಂಬುದನ್ನು ಬಲ್ಲೆ. ಆದರೂ ಕಾಯುತ್ತೇನೆ. ಅವಳು ಈಗಲೂ ನಸುಕಿನಲ್ಲಿ ಮೈದಾನಕ್ಕೆ ಹೋಗುತ್ತಾಳೆ.

ಚೂರ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ,
ತಮ್ಮ ವಿಶ್ವಾಸಿ,
ಜಯತೀರ್ಥಾಚಾರ್ಯ ಕೊಪ್ಪರ

ತಾ.ಕ.: ತಮ್ಮ ಚೂರ್ಣವನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸೇವಿಸಿದವನು ವೆಂಕಟರಮಣನು. ನಿಯಮದ ಪ್ರಕಾರ ಆತನಿಗೂ ಎರಡು ವರ್ಷ ಬಹಿಷ್ಕಾರವಿರುವುದಾದರೆ, ಬರುವ ನವರಾತ್ರಿಯ ಉತ್ಸವವನ್ನು ನಿಲ್ಲಿಸಬೇಕೋ ಹೇಗೆಂದು ಬೇಗ ತಿಳಿಸಿರಿ. ಆತನೇನೂ ದೂರು ಕೊಟ್ಟಿಲ್ಲ. ಆದರೆ ತಮ್ಮಂತೆ ಆತನು ಎಂದೂ ಮೀಟಿಂಗಿನಲ್ಲಿರುವುದಿಲ್ಲ, ಮತ್ತು ಒಳಗೆ ಏನಿತ್ತೆಂಬುದು ಆತನಿಗೆ ಮೊದಲ ದಿನದಿಂದಲೇ ಗೊತ್ತು.